ಕೆಂಡ ಇಳಿಸಿದ ಗುಡ್ಡ

ಪಡುವಣ ಐರ್ಲೆಂಡಿನಲ್ಲಿ ಕಿಲ್‌ವರಾನ್ ಎಂಬ ಸಣ್ಣ ಪೇಟೆಯಿದೆ. ಒಂದು ಇಗರ್ಜಿ, ಎರಡು ಹೆಂಡದಂಗಡಿ, ಒಂದು ಅಂಚೆ ಕಚೇರಿ, ಮತ್ತು ಬೇಲಿತಂತಿ, ಮೊಳೆ, ದನದ ಹಿಂಡಿ ಮಾರುವ ನನ್ನ ಅಂಗಡಿ. ಪೇಟೆಯಿಂದ ಉತ್ತರಕ್ಕೆ ಮೂರು ಮೈಲಿ ಹೋದರೆ ರಸ್ತೆ ಕವಲೊಡೆಯುತ್ತದೆ. ಎಡಗವಲು ಹಾಲಿನ ಡೇರಿಗೆ ಹೋಗುತ್ತದೆ, ಬಲಗವಲು ಒಂದು ಗುಡ್ಡದ ಬುಡಕ್ಕೆ ಬಂದು ನಿಲ್ಲುತ್ತದೆ. ಗುಡ್ಡ ಎತ್ತರದ್ದೇನಲ್ಲ. ನಮ್ಮ ಚಿತ್ರದುರ್ಗದ ಕಡೆಯವರು ನೋಡಿದರೆ ಇದನ್ನು ದಿಬ್ಬ ಎಂದು ಕರೆದು ಸುಮ್ಮನಾಗುತ್ತಾರೆ. ಮರವಿಲ್ಲ; ಹುಲ್ಲು, ಕುರಿ, ಗಾಳಿ, ಮತ್ತು ವರ್ಷದ ಮುಕ್ಕಾಲು ಪಾಲು ಹನಿಯುವ ಮಳೆ. ನೆತ್ತಿಯ ಮೇಲೆ, ಈ ಕಡೆಯ ಇಳಿಜಾರೂ ಆ ಕಡೆಯ ಇಳಿಜಾರೂ ಸೇರುವಲ್ಲಿ, ಮೊಣಕಾಲೆತ್ತರದ ಒಂದು ಚಪ್ಪಟೆ ಕಲ್ಲಿದೆ. ಕಲ್ಲಿನ ನಡುವೆ ಊಟದ ತಟ್ಟೆಯಷ್ಟು ಅಗಲದ ಒಂದು ಗುಳಿ. ಗುಳಿಯ ತಳ ಕಪ್ಪು, ಮಳೆ ತೊಳೆದರೂ ಹೋಗದ ಕಪ್ಪು. ನಕ್ಷೆಯಲ್ಲಿ ಈ ಗುಡ್ಡಕ್ಕೆ ನಾಕ್‌ನಾಹವ್ಲೋಗ್ ಎಂದು ಹೆಸರಿದೆ. ಅಲ್ಲಿಯ ಹಳೆಯ ಭಾಷೆಯಲ್ಲಿ ಕೆಂಡದ ಗುಡ್ಡ ಎಂದರ್ಥ. ಆದರೆ ರೈತರು ಬಾಯಲ್ಲಿ ಹೇಳುವಾಗ ಕೆಂಡ ಇಳಿಸಿದ ಗುಡ್ಡ ಎಂದೇ ಹೇಳುತ್ತಾರೆ. ನಕ್ಷೆ ಬರೆದವನಿಗೆ ಕೆಂಡ ಮುಖ್ಯವಾಗಿ ಕಂಡಿತು. ಊರಿನವರಿಗೆ ಇಳಿಸಿದ್ದು ಮುಖ್ಯ.

ಈ ಹೆಸರಿನ ಹಿಂದೆ ನಾನು ಹೋದದ್ದು ಭಕ್ತಿಯಿಂದಲೂ ಅಲ್ಲ, ಕುತೂಹಲದಿಂದಲೂ ಅಲ್ಲ, ಅಂಗಡಿಯ ಕಾರಣದಿಂದ. ಏಪ್ರಿಲ್ ತಿಂಗಳ ಕೊನೆಯ ವಾರ ನನ್ನಲ್ಲಿ ಬೆಂಕಿಪೊಟ್ಟಣ ಖಾಲಿಯಾಗುತ್ತಿತ್ತು. ಗುಂಡಿ ಒತ್ತಿದರೆ ಮನೆ ಬೆಚ್ಚಗಾಗುವ ಈ ಕಾಲದಲ್ಲಿ, ಬೀಡಿ ಸಿಗರೇಟು ಮುಟ್ಟದ ಹೆಂಗಸರು ಕೂಡ ಬಂದು ಒಂದೊಂದೇ ಪೊಟ್ಟಣ ಒಯ್ಯುತ್ತಿದ್ದರು. ಮೊದಲ ವರ್ಷ ಗಮನಿಸಿದೆ, ಎರಡನೆಯ ವರ್ಷ ಹೆಚ್ಚು ತರಿಸಿದೆ, ಮೂರನೆಯ ವರ್ಷ ಕಾರಣ ಕೇಳಿದೆ. ಕೇಳಿದ್ದು ಬಾರ್ಟ್ಲಿ ಮೆಲ್ವಿನ್ ಅವರನ್ನು. ಆ ಗುಡ್ಡದ ಹುಲ್ಲುಗಾವಲು ಅವರದು. ಎಂಬತ್ತರ ಅಂಚಿನ ಮುದುಕ, ಬೇಲಿಗೆ ಬಡಿಯುವ ಮೊಳೆಯನ್ನು ಒಂದೊಂದಾಗಿ ಬೆಳಕಿಗೆ ಹಿಡಿದು ನೋಡಿ ಕೊಳ್ಳುವವರು.

“ಮೂರು ವರ್ಷ ಮಾರಿ ಈಗ ಕೇಳುತ್ತೀಯಾ?” ಎಂದರು.

“ಮಾರುವಾಗಲೇ ಕೇಳಿದರೆ ಗಿರಾಕಿ ಹೆದರಿ ಹೋಗುತ್ತಾನೆ” ಎಂದೆ.

“ಹಾಗಾದರೆ ಆ ಹಿಂಡಿಮೂಟೆಯ ಮೇಲೆ ಕೂತುಕೋ. ನಿಂತು ಕೇಳುವಂಥದ್ದಲ್ಲ ಅದು. ನನ್ನ ಕುರಿಗಳಿಗೇನೂ ಅವಸರವಿಲ್ಲ.”

ಅವರು ಹೇಳಿದ್ದನ್ನು, ಆಮೇಲೆ ಬೇರೆಯವರ ಬಾಯಲ್ಲಿ ಕೇಳಿ ತಾಳೆ ನೋಡಿಕೊಂಡದ್ದನ್ನು, ಇಲ್ಲಿ ಬರೆಯುತ್ತಿದ್ದೇನೆ. ಅದಕ್ಕೆ ಮೊದಲು ಆ ಸೀಮೆಯ ಎರಡು ಮಾತು ತಿಳಿದಿರಬೇಕು. ಅಲ್ಲಿ ಕಟ್ಟಿಗೆ ಕಡಿಮೆ. ಜವುಗುನೆಲವನ್ನು ಇಟ್ಟಿಗೆಯಂತೆ ಕಡಿದು, ಬೇಸಿಗೆಯಲ್ಲಿ ಒಣಗಿಸಿ, ನಮ್ಮ ಬೆರಣಿಯ ಹಾಗೆ ಒಟ್ಟಿಟ್ಟು ವರ್ಷವಿಡೀ ಉರಿಸುತ್ತಾರೆ; ಅದಕ್ಕೆ ಟರ್ಫ್ ಎನ್ನುತ್ತಾರೆ. ಹಿಂದಿನ ಕಾಲದಲ್ಲಿ ಒಲೆ ಆರಿಸುವ ಪದ್ಧತಿಯೇ ಇರಲಿಲ್ಲ. ಮಲಗುವ ಮುಂಚೆ ಮನೆಯ ಹೆಂಗಸು ಕೆಂಡವನ್ನು ಬೂದಿಯಲ್ಲಿ ಮುಚ್ಚುವಳು, ಬೆಳಗ್ಗೆ ಕೆದಕಿ ಊದುವಳು. ಅಜ್ಜಿಯ ಕಾಲದ ಬೆಂಕಿ ಮೊಮ್ಮಗಳ ಕಾಲಕ್ಕೂ ಅದೇ ಒಲೆಯಲ್ಲಿ ಇರುತ್ತಿತ್ತು. ಎಂದಾದರೂ ಆರಿಹೋದರೆ ಇಕ್ಕಳ, ಮಡಕೆ ಹಿಡಿದು ಪಕ್ಕದ ಮನೆಗೆ ಹೋದರೆ ಸಾಕು, ಯಾರೂ ಇಲ್ಲ ಎನ್ನುತ್ತಿರಲಿಲ್ಲ. ಒಂದು ದಿನದ ಹೊರತು. ಆ ದಿನ ಮೇ ತಿಂಗಳ ಮೊದಲನೆಯ ದಿನ. ಅಂದು ಹಸುಗಳಿಗೆ ಹೊಸ ಹುಲ್ಲು, ಮನೆಗೆ ಹೊಸ ಕೆನೆ, ಬೆಣ್ಣೆಯ ಕಾಲ ಶುರು. ಅಂದು ಮನೆಯಿಂದ ಬೆಂಕಿಯೋ ಹಾಲೋ ಉಪ್ಪೋ ಹೊರಗೆ ಹೋದರೆ ಅದರ ಹಿಂದೆಯೇ ಆ ವರ್ಷದ ಬೆಣ್ಣೆಯ ಏಳಿಗೆಯೂ ಹೋಗುತ್ತದೆ ಎಂಬ ನಂಬಿಕೆ. ಅಂದು ಬೆಂಕಿ ಕೇಳಲು ಬಂದವಳು ಬೆಣ್ಣೆ ಕದಿಯಲು ಬಂದವಳೇ. ಇದನ್ನು ಕೇಳಿ ನಗುವ ಹಕ್ಕು ನನಗಿಲ್ಲ. ಬ್ಯಾಡಗಿಯಲ್ಲಿ ನಮ್ಮ ಅಪ್ಪನ ಅಂಗಡಿಯಲ್ಲಿ ದೀಪ ಹಚ್ಚಿದ ಮೇಲೆ ಉಪ್ಪು ತೂಗುತ್ತಿರಲಿಲ್ಲ, ಸೂಜಿ ಕೊಡುತ್ತಿರಲಿಲ್ಲ. ಗಿರಾಕಿ ಕೈಯಲ್ಲಿ ಹಣ ಹಿಡಿದು ನಿಂತಿದ್ದರೂ ನಾಳೆ ಬಾ ಎನ್ನುತ್ತಿದ್ದರು.

ಎರಡನೆಯ ಮಾತು ಇನ್ನೊಂದು ಹೆದರಿಕೆಯದು. ಗುಡ್ಡದೊಳಗೆ ಕಣ್ಣಿಗೆ ಕಾಣದ ಒಂದು ಜನ ಇದೆ ಎಂದು ಅಲ್ಲಿಯವರು ನಂಬಿದ್ದರು. ನಾವು ಇರುಳಲ್ಲಿ ಹಾವನ್ನು ಹೆಸರಿಟ್ಟು ಕರೆಯದೆ ಹುಳ ಎನ್ನುವಂತೆ, ಅವರು ಆ ಜನವನ್ನು ಒಳ್ಳೆಯವರು ಎಂದಷ್ಟೇ ಕರೆಯುತ್ತಿದ್ದರು. ಒಳ್ಳೆಯವರ ಕಣ್ಣು ಹಸುಗೂಸಿನ ಮೇಲೆ, ಅದರಲ್ಲೂ ಜ್ಞಾನಸ್ನಾನವಾಗಿ ಹೆಸರಿಡದ ಕೂಸಿನ ಮೇಲೆ. ಕೂಸು ಸೊರಗಿದೆ, ಕಾಯಿಲೆಯಾಗಿದೆ ಎಂದು ಬಯಲಿನಲ್ಲಿ ನಿಂತು ಹೇಳಿದರೆ ಅವರು ಕೇಳಿಸಿಕೊಳ್ಳುತ್ತಾರೆ, ಬಂದು ಒಯ್ಯುತ್ತಾರೆ. ಮೇ ತಿಂಗಳ ಮೊದಲ ದಿನವಂತೂ ಅವರ ಕಿವಿ ಬಲು ಚುರುಕು. ಕಬ್ಬಿಣಕ್ಕೆ ಮಾತ್ರ ಅವರು ಹೆದರುತ್ತಾರೆ. ಅದಕ್ಕೇ ಒಂಟಿ ಕೂಸನ್ನು ಬಿಟ್ಟು ತಾಯಿ ಹೊರಗೆ ಹೋಗಬೇಕಾದರೆ ಒಲೆಯ ಇಕ್ಕಳವನ್ನು ತೊಟ್ಟಿಲಿನ ಮೇಲೆ ಅಡ್ಡ ಇಟ್ಟು ಹೋಗುತ್ತಿದ್ದಳು. ಮನೆಯಲ್ಲಿ ಬೇರೆ ಯಾರಾದರೂ ಇದ್ದರೆ ಇಡುತ್ತಿರಲಿಲ್ಲ.

ಹಿಂದೆ ಒಮ್ಮೆ, ಬೆಂಕಿಪೊಟ್ಟಣ ಎಂಬುದು ಆ ಸೀಮೆಗೆ ಬರುವ ಮುಂಚೆ, ಗುಡ್ಡದ ಈ ಮಗ್ಗುಲಲ್ಲಿ ಎರಡು ಮನೆಗಳಿದ್ದವು ಎನ್ನುತ್ತಾರೆ. ಬುಡದ ಮನೆ ಹೊನೋರಾ ಎಂಬ ವಿಧವೆಯದು. ಐದು ಹಸುಗಳ ಒಡತಿ. ಅವಳ ಬೆಣ್ಣೆಗೆ ಪೇಟೆಯಲ್ಲಿ ಹೆಸರಿತ್ತು, ಸೂಲಗಿತ್ತಿಯಾಗಿ ಅವಳ ಕೈಗುಣಕ್ಕೆ ಸುತ್ತಲ ಊರುಗಳಲ್ಲಿ ಹೆಸರಿತ್ತು. ಮೇಲಿನ ಮನೆ ಫರ್ಗಲ್ ಎಂಬ ರೈತನದು. ಎರಡೂ ಮನೆಗಳ ನಡುವೆ ಮುಯ್ಯಾಳಿನ ಲೆಕ್ಕ: ಟರ್ಫ್ ಕಡಿಯುವಾಗ ಇವರು ಅವರ ಜವುಗಿಗೆ, ಹುಲ್ಲು ಕೊಯ್ಯುವಾಗ ಅವರು ಇವರ ಗದ್ದೆಗೆ. ಫರ್ಗಲ್ ಗುಡ್ಡದಾಚೆಯ ಊರಿನಿಂದ ಊನಾ ಎಂಬವಳನ್ನು ಮದುವೆಯಾಗಿ ತಂದ. ಮದುವೆಯಾಗಿ ಬಂದ ಮೊದಲ ವರ್ಷ, ಮೇ ತಿಂಗಳ ಮೊದಲ ದಿನ ಬೆಳಗ್ಗೆ, ಊನಾ ನಗುನಗುತ್ತ ಹೊನೋರಾಳ ಮನೆಗೆ ಬಂದು ಒಂದು ಕೆಂಡ ಕೇಳಿ ಒಯ್ದಳು. ಅವಳ ತವರಿನಲ್ಲಿ ಈ ಕಟ್ಟು ಅಷ್ಟು ಬಿಗಿಯಾಗಿರಲಿಲ್ಲವೋ, ಹೊಸ ಮನೆಯ ಗಡಿಬಿಡಿಯಲ್ಲಿ ದಿನವೇ ಮರೆತಿತ್ತೋ. ಹೊಸ ಮದುವಣಗಿತ್ತಿಗೆ ಇಲ್ಲ ಎನ್ನಲು ಹೊನೋರಾಳಿಗೆ ನಾಲಗೆ ಏಳಲಿಲ್ಲ. ಆ ಬೇಸಿಗೆ ಅವಳ ಕೆನೆ ಕಡೆದಷ್ಟೂ ನೊರೆಯಾಯಿತು. ಬೆಣ್ಣೆ ಬಂದರೆ ಬಂತು, ಬಾರದಿದ್ದರೆ ಇಲ್ಲ. ಹುಲ್ಲು ಕೆಟ್ಟಿತ್ತೋ, ಹಸುಗಳಿಗೆ ವಯಸ್ಸಾಗಿತ್ತೋ, ಕಾರಣ ನೂರು ಇರಬಹುದು. ಊರಿನವರು ಒಂದೇ ಕಾರಣ ಹೇಳಿದರು. ಇಗರ್ಜಿಯ ಬಾಗಿಲಲ್ಲಿ ಒಬ್ಬಳು ಊನಾಳ ಕಿವಿಗೆ ಬೀಳುವಂತೆಯೇ, “ಮೇಲಿನ ಮನೆಯಲ್ಲಿ ಈ ವರ್ಷ ರೊಟ್ಟಿಗಿಂತ ಬೆಣ್ಣೆ ದಪ್ಪವಂತೆ” ಎಂದಳಂತೆ. ಹೊನೋರಾ ಬಾಯಿಬಿಟ್ಟು ಏನೂ ಅನ್ನಲಿಲ್ಲ. ಆದರೆ ಮನಸ್ಸಿನಲ್ಲಿ ಇಟ್ಟುಕೊಂಡಳು, ಮುಂದಿನ ವರ್ಷ ಮಾತ್ರ ಬೇಡ ಎಂದು.

ಮರುವರ್ಷ ಏಪ್ರಿಲ್ ಕೊನೆಗೆ ಊನಾಳಿಗೆ ಹೆರಿಗೆಯಾಯಿತು. ಹೆರಿಗೆ ಮಾಡಿಸಿದ್ದು ಹೊನೋರಾಳೇ. ಹೆಣ್ಣುಕೂಸು, ತಿಂಗಳು ತುಂಬುವ ಮೊದಲೇ ಬಂದದ್ದು, ಹಿಡಿಯಷ್ಟು. ಬೆಚ್ಚಗಿಟ್ಟರೆ ಬದುಕುತ್ತದೆ ಎಂದು ಹೊನೋರಾ ಹೇಳಿ, ತೊಟ್ಟಿಲನ್ನು ಒಲೆಯ ಹತ್ತಿರಕ್ಕೆ ತಾನೇ ಎಳೆದಿಟ್ಟು ಬಂದಳು. ಮೂರು ದಿನ ದಿನಕ್ಕೆರಡು ಸಲ ಹೋಗಿ ನೋಡಿದಳು. ಪಾದ್ರಿ ಭಾನುವಾರ ಬಂದು ಜ್ಞಾನಸ್ನಾನ ಮಾಡಿಸುವುದೆಂದು ಗೊತ್ತಾಗಿತ್ತು. ಆ ನಡುವೆ ದೂರದ ಪೇಟೆಯಲ್ಲಿ ದನದ ಸಂತೆ. ಫರ್ಗಲ್ ಊರಿನ ಗಂಡಸರ ಜೊತೆ ಹೋದ, ಏಪ್ರಿಲ್ ಮೂವತ್ತಕ್ಕೆ ವಾಪಸು ಎಂದು ಹೇಳಿ. ಮೂವತ್ತರ ಸಂಜೆ ಉಳಿದ ಗಂಡಸರೆಲ್ಲ ಬಂದರು. ಫರ್ಗಲ್ ಕೊಂಡ ಕಡಸು ದಾರಿಯಲ್ಲಿ ಕುಂಟಿತು, ಅವನು ಒಂದೆರಡು ದಿನ ಹಿಂದೆ ಬಿದ್ದ. ಈ ಸುದ್ದಿಯನ್ನು ಅವರು ಬರುವ ದಾರಿಯಲ್ಲೇ ಊನಾಳಿಗೆ ಮುಟ್ಟಿಸಿದರು, ಹೊನೋರಾಳಿಗೆ ಮುಟ್ಟಲಿಲ್ಲ. ಮೇ ತಿಂಗಳ ಹಿಂದಿನ ಆ ಸಂಜೆ, ಕತ್ತಲಾದ ಮೇಲೆ ಯಾರೂ ಮನೆಯಿಂದ ಹೊರಗೆ ಕಾಲಿಡುವ ಪದ್ಧತಿ ಇರಲಿಲ್ಲ. ಬಂದ ಗಂಡಸರ ಜೊತೆ ಅವನೂ ಬಂದಿದ್ದಾನೆಂದು ಅವಳು ತಿಳಿದಳು.

ಅಂದು ರಾತ್ರಿ ಗಾಳಿಮಳೆ ಹೊಡೆಯಿತು. ಅಗಲ ಬಾಯಿಯ ಹೊಗೆಗೂಡಿನಿಂದ ನೀರು ನೇರ ಒಲೆಗೆ ಇಳಿಯಿತು. ಮೂರು ದಿನದಿಂದ ಕಣ್ಣು ಮುಚ್ಚದ ಬಾಣಂತಿ ಕೂತಲ್ಲೇ ತೂಕಡಿಸಿ ಎದ್ದಾಗ ಒಲೆಯಲ್ಲಿ ಕರಿಯ ಕೆಸರು. ಬೂದಿ ಕೆದಕಿದಳು, ತಳದವರೆಗೂ ಒದ್ದೆ. ಚಕಮಕಿ ಕಲ್ಲು ಇರಲಿಲ್ಲವೇ ಎಂದು ನಾನು ಬಾರ್ಟ್ಲಿಯವರನ್ನು ಕೇಳಿದೆ. ಇತ್ತು, ದಾರಿಯಲ್ಲಿ ಚಿಲುಮೆ ಹಚ್ಚಲು ಫರ್ಗಲ್‌ನ ಜೇಬಿನಲ್ಲಿ ಇತ್ತು. ಕೂಸಿನ ಕೈ ಮುಟ್ಟಿದರೆ ತಣ್ಣಗೆ, ಮೊಲೆ ಬಾಯಿಗಿಟ್ಟರೆ ಎಳೆಯುತ್ತಿಲ್ಲ. ಅವಳಿಗೆ ಇಂದು ಯಾವ ದಿನ ಎಂದು ಈ ಸಲ ಚೆನ್ನಾಗಿ ನೆನಪಿತ್ತು. ಆದರೂ ಮಡಕೆ ಎತ್ತಿಕೊಂಡಳು. ಇಕ್ಕಳವನ್ನು ತೊಟ್ಟಿಲಿಗೆ ಅಡ್ಡ ಇಟ್ಟಳು. ಬೆಳಕು ಹರಿಯುತ್ತಿದ್ದಂತೆ, ಆಲಿಕಲ್ಲು ಬೆರೆತ ಮಳೆಯಲ್ಲಿ, ಹೆತ್ತು ಐದನೆಯ ದಿನದ ಕಾಲುಗಳಲ್ಲಿ ಇಳಿಜಾರು ಇಳಿದು ಹೊನೋರಾಳ ಮನೆಯ ಮುಂದೆ ನಿಂತಳು.

ಅಲ್ಲಿಯ ಮನೆಗಳ ಬಾಗಿಲು ಎರಡು ತುಂಡು. ಮೇಲಿನ ಅರ್ಧ ತೆರೆದು ಕೆಳಗಿನ ಅರ್ಧ ಮುಚ್ಚಿಯೇ ಮಾತಾಡಬಹುದು. ಹೊನೋರಾ ಮೇಲಿನ ಅರ್ಧ ತೆರೆದಳು. ಊನಾಳ ಕೈಯ ಮಡಕೆ ಕಂಡಳು, ಕೆಳಗಿನ ಅರ್ಧಕ್ಕೆ ಮೊಣಕೈ ಊರಿ ನಿಂತಳು.

“ಒಲೆ ಆರಿಹೋಯಿತು, ಹೊನೋರಾ. ಒಂದು ಕೆಂಡ ಕೊಡಿ.”

“ಇವತ್ತು ಯಾವ ದಿನ ಅಂತ ಗೊತ್ತಲ್ಲ, ಮಗಳೇ?”

“ಗೊತ್ತು.”

“ಹೋದ ವರ್ಷ ಗೊತ್ತಿರಲಿಲ್ಲ ಅಂದುಕೊಂಡೆ. ಈ ವರ್ಷ ಏನು ಅಂದುಕೊಳ್ಳಲಿ?”

ಊನಾ ಮಡಕೆಯನ್ನು ಮುಂದೆ ಚಾಚಿದಳು. “ಮನೆ ತಣ್ಣಗಿದೆ” ಎಂದಳು.

“ಮೈಮೇಲೆ ಇನ್ನೊಂದು ಶಾಲು ಹೊದ್ದುಕೋ. ಹೊತ್ತು ಮುಳುಗಲಿ, ಇಡೀ ಒಲೆಯನ್ನೇ ಕೊಡುತ್ತೇನೆ, ನಾನೇ ತಂದು ಕೊಡುತ್ತೇನೆ. ಹಗಲು ಮಾತ್ರ ಕೇಳಬೇಡ.” ಆಮೇಲೆ, ಸೂಲಗಿತ್ತಿಯಾದ ಕಾರಣ, ಕೇಳಬೇಕಾದ್ದನ್ನು ಕೇಳಿಯೇ ಕೇಳಿದಳು. “ಕೂಸು?”

ಊನಾ ಬಯಲಿನಲ್ಲಿ ನಿಂತಿದ್ದಳು. ಬೆನ್ನ ಹಿಂದೆ ಗುಡ್ಡ. ಹೆಸರಿಲ್ಲದ ಕೂಸು, ಮೇ ತಿಂಗಳ ಮೊದಲ ದಿನ. ಕೆಳಗಿನ ಬಾಗಿಲು ತೆರೆದು ಒಳಗೆ ಕರೆದಿದ್ದರೆ ಸೂರಿನಡಿ ಬಾಯಿಬಿಟ್ಟು ಹೇಳುತ್ತಿದ್ದಳು.

“ಮಲಗಿದೆ” ಎಂದಳು.

“ಮಲಗಿದೆಯಲ್ಲ, ಸರಿ” ಎಂದು ಹೊನೋರಾ ಬಾಗಿಲು ಮುಚ್ಚಿಕೊಂಡಳು.

ಇಲ್ಲಿಯವರೆಗೆ ಹೇಳಿ ಬಾರ್ಟ್ಲಿಯವರು ನನ್ನ ಮುಖ ನೋಡಿದರು, ನೀನಾದರೆ ಏನು ಮಾಡುತ್ತಿದ್ದೆ ಎಂಬಂತೆ. ನಾನು ಬ್ಯಾಡಗಿಯಲ್ಲೂ ಕಿಲ್‌ವರಾನ್‌ನಲ್ಲೂ ಸೇರಿ ನಲವತ್ತು ವರ್ಷ ಗಲ್ಲಾದ ಹಿಂದೆ ಕೂತವನು. ನನಗೆ ಕಂಡದ್ದು ಇಷ್ಟು. ಕದಿಯಲು ಬಂದವಳು ಕಳ್ಳಿ ಎನ್ನಿಸಿಕೊಂಡ ಬಾಗಿಲಿಗೇ ಎರಡನೆಯ ಸಲ ಅದೇ ದಿನ ಬರುವುದಿಲ್ಲ. ಅವಮಾನ ಕಾದಿದೆ ಎಂದು ತಿಳಿದೂ ಬಂದವಳಿಗೆ ಬೇರೆ ಬಾಗಿಲಿಲ್ಲ ಎಂದರ್ಥ. ಇದು ಯಾವ ಅಂಗಡಿಯವನಿಗೂ ಗೊತ್ತಿರುವ ವಿಷಯ, ಹೊನೋರಾಳಂಥ ಬುದ್ಧಿವಂತೆಗೆ ಗೊತ್ತಿಲ್ಲದ್ದಲ್ಲ. ಆದರೆ ಒಂದು ಬೇಸಿಗೆಯ ನಷ್ಟ ಕಣ್ಣೆದುರು ನಿಂತಾಗ ಎದುರಿಗೆ ನಿಂತವರ ಮುಖ ಕಾಣುವುದಿಲ್ಲ. ಅದೂ ಅಂಗಡಿಯವರಿಗೆ ಗೊತ್ತು.

ಸುತ್ತಲ ಬೇರೆ ಮನೆಗಳಿಗೆ ಹೋಗಿ ಪ್ರಯೋಜನವಿಲ್ಲವೆಂದು ಊನಾ ತಿಳಿದಳು. ಅಲ್ಲಿಯೂ ಇದೇ ದಿನ, ಇದೇ ಮಾತು. ಮೇ ತಿಂಗಳ ಕಟ್ಟು ಇಲ್ಲದ ಬೆಂಕಿ ಒಂದೇ, ಕಮ್ಮಾರನ ಕುಲುಮೆಯದು. ಕಬ್ಬಿಣದ ಕೆಲಸದವನಿಗೆ ಬೆಣ್ಣೆಯ ಭಯವೂ ಇಲ್ಲ, ಒಳ್ಳೆಯವರ ಭಯವೂ ಇಲ್ಲ. ಅವನಿದ್ದದ್ದು ಗುಡ್ಡದಾಚೆ, ಅವಳ ತವರಿನ ದಾರಿಯಲ್ಲಿ, ನಾಲ್ಕು ಮೈಲಿ. ಮನೆಗೆ ಬಂದು, ಇದ್ದ ಬಟ್ಟೆಯನ್ನೆಲ್ಲ ಕೂಸಿಗೆ ಸುತ್ತಿದಳು, ತನ್ನ ಮೈಮೇಲಿನ ಶಾಲನ್ನೂ. ಎತ್ತಿಕೊಂಡೇ ಹೋಗಬಹುದಿತ್ತಲ್ಲ ಎಂದು ಇವತ್ತಿಗೂ ಕೇಳುವವರಿದ್ದಾರೆ. ಆ ಗಾಳಿಯಲ್ಲಿ ಗುಡ್ಡ ಏರಿ ನೋಡಿದವರು ಕೇಳುವುದಿಲ್ಲ. ಇಕ್ಕಳವನ್ನು ತೊಟ್ಟಿಲ ಮೇಲೆ ಸರಿಯಾಗಿ ಅಡ್ಡ ಇಟ್ಟು, ಮುಚ್ಚಳದ ಮಡಕೆ ಹಿಡಿದು ಹೊರಟಳು.

ಕೆಳಗೆ ಹೊನೋರಾ ಹಸು ಕರೆದು, ಕೆನೆ ಸುರಿದು, ಕಡೆಯಲು ನಿಂತಳು. ನಿಲ್ಲಿಸಿದ ಪೀಪಾಯಿಯಂಥ ಪಾತ್ರೆ, ಮುಚ್ಚಳದ ತೂತಿನಲ್ಲಿ ಕೋಲು, ಮೇಲೆ ಕೆಳಗೆ, ಮೇಲೆ ಕೆಳಗೆ. ಈ ಸಲ ಕೋಲಿಗೆ ಸಿಗುವ ಭಾರದಲ್ಲೇ ಅವಳಿಗೆ ತಿಳಿಯಿತು, ಕೆನೆ ಸರಿಯಾಗಿದೆ. ಕೈ ತನ್ನ ಪಾಡಿಗೆ ಕೆಲಸ ಮಾಡುತ್ತಿದ್ದಾಗ ಮನಸ್ಸು ಬೆಳಗಿನ ಬಾಗಿಲಿಗೆ ಹೋಯಿತು. ಊನಾಳ ಒಂದು ಕೈಯಲ್ಲಿ ಮಡಕೆ. ಇನ್ನೊಂದು ಕೈ ಬರಿದು. ಕೆಂಡ ಕೇಳಲು ಬರುವವಳು ಇಕ್ಕಳ ಇಲ್ಲದೆ ಬರುತ್ತಾಳೆಯೇ? ಇಕ್ಕಳ ಮನೆಯಲ್ಲಿ ಉಳಿದಿದೆ. ಉಳಿದದ್ದು ಎಲ್ಲಿ ಎಂದು ಆ ಸೀಮೆಯ ಯಾವ ಹೆಂಗಸಿಗೂ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ತೊಟ್ಟಿಲ ಮೇಲೆ. ಹಾಗಾದರೆ ಫರ್ಗಲ್ ಬಂದಿಲ್ಲ, ಮನೆಯಲ್ಲಿ ಯಾರೂ ಇಲ್ಲ. ಹಿಡಿಯಷ್ಟು ಕೂಸು, ಬೆಂಕಿಯಿಲ್ಲದ ಮನೆ, ಒಂಟಿ. ಹೊನೋರಾ ಕಿಟಕಿಯಿಂದ ಮೇಲಕ್ಕೆ ನೋಡಿದಳು. ಮೇಲಿನ ಮನೆಯ ಹೊಗೆಗೂಡಿನಲ್ಲಿ ಹೊಗೆ ಇರಲಿಲ್ಲ.

ಇಲ್ಲಿ ಕೋಲು ಬಿಟ್ಟು ಓಡಿದಳು ಎಂದು ಬರೆಯಬೇಕೆಂದು ನನಗೂ ಆಸೆ. ಹಾಗಾಗಲಿಲ್ಲ. ಅರ್ಧ ಕಡೆದ ಕೆನೆಯನ್ನು ಬಿಟ್ಟು ಹೋದರೆ ಕೆನೆಯೂ ಕೆಟ್ಟಿತು, ವರ್ಷವೂ ಕೆಟ್ಟಿತು. ಕೋಲಿನ ತುದಿಯಲ್ಲಿ ಆಗಲೇ ಕಾಳುಕಾಳಾಗಿ ತಡೆಯುತ್ತಿತ್ತು. ಇನ್ನು ಸ್ವಲ್ಪ, ಇನ್ನು ಸ್ವಲ್ಪ ಎಂದುಕೊಂಡು ಅವಳು ಮೊದಲಿಗಿಂತ ಜೋರಾಗಿ ಕಡೆದಳು. ಬೆಣ್ಣೆ ಬಂತು. ಐದು ವರ್ಷದಲ್ಲಿ ಕಾಣದಷ್ಟು, ಹೊಂಬಣ್ಣದ್ದು, ಒಂದೇ ಮುದ್ದೆಯಾಗಿ. ಅದನ್ನು ಎತ್ತಿ ತೊಟ್ಟಿಗೆ ಹಾಕುವುದಕ್ಕೂ ನಿಲ್ಲದೆ, ಒಲೆಯಿಂದ ಕೆಂಡ ತೋಡಿ ಮಡಕೆಗೆ ತುಂಬಿಕೊಂಡು, ಕೆಳಗಿನ ಅರ್ಧ ಬಾಗಿಲನ್ನೂ ತೆರೆದು, ಮೇ ತಿಂಗಳ ಮೊದಲ ದಿನ ಹಾಡುಹಗಲಲ್ಲಿ ತನ್ನ ಮನೆಯ ಬೆಂಕಿಯನ್ನು ತಾನೇ ಹೊತ್ತು ಗುಡ್ಡ ಏರಿದಳು. ಬೆಳಗ್ಗೆ ಕೊಟ್ಟಿದ್ದರೆ ಒಂದು ಕೆಂಡ ಸಾಕಿತ್ತು.

ತೊಟ್ಟಿಲ ಮೇಲೆ ಇಕ್ಕಳ ಅಡ್ಡವಾಗಿಯೇ ಇತ್ತು. ಬಟ್ಟೆಯ ಗಂಟಿನೊಳಗೆ ಕೂಸು ಇನ್ನೂ ಮೆತ್ತಗಿತ್ತು, ಆದರೆ ಉಸಿರಿರಲಿಲ್ಲ. ನೂರು ಕೂಸುಗಳನ್ನು ಕೈಯಲ್ಲಿ ಹಿಡಿದವಳು, ಅವಳಿಗೆ ಎರಡನೆಯ ಸಲ ಮುಟ್ಟಿ ನೋಡಬೇಕಾಗಿರಲಿಲ್ಲ. ಆದರೂ ಎದೆಗೆ ಅವಚಿಕೊಂಡಳು, ಬೆನ್ನು ಉಜ್ಜಿದಳು. ಮತ್ತೆ ಮಲಗಿಸಿದಳು. ಆಮೇಲೆ ಏನು ಮಾಡಬೇಕೆಂದು ತಿಳಿಯದೆ, ತಂದ ಕೆಂಡವನ್ನು ಒಲೆಗೆ ಸುರಿದು, ಒಣಗಿದ ಟರ್ಫ್ ಹುಡುಕಿ ಒಟ್ಟಿ, ಊದಿ ಊದಿ ಬೆಂಕಿ ಹೊತ್ತಿಸಿದಳು. ತಡವಾಗಿ ಬಂದವರು ಯಾವುದಾದರೂ ಕೆಲಸ ಹಿಡಿದುಕೊಳ್ಳುವಂತೆ. ಆ ಬೆಂಕಿ ಹೊತ್ತಿಸದೆ ಇದ್ದಿದ್ದರೆ ಮುಂದಿನದು ಒಂದು ಎಳೆಯಷ್ಟು ಕಡಿಮೆ ಕ್ರೂರವಾಗುತ್ತಿತ್ತು ಎಂದು ಬಾರ್ಟ್ಲಿಯವರು ಹೇಳಿದರು.

ಊನಾ ಕಮ್ಮಾರನಲ್ಲಿಗೆ ಹೋಗಿ, ಅವನು ಬೂದಿಯಲ್ಲಿ ಸುತ್ತಿ ಮಡಕೆಗೆ ಹಾಕಿಕೊಟ್ಟ ಕೆಂಡವನ್ನು ಹೊಟ್ಟೆಗೊತ್ತಿಕೊಂಡು, ಮಳೆಗೆ ಬೆನ್ನು ಕೊಟ್ಟು ಅಡ್ಡಡ್ಡ ನಡೆಯುತ್ತ ಗುಡ್ಡದ ನೆತ್ತಿಗೆ ಬಂದಳು. ಅಲ್ಲಿಂದ ಅವಳ ಮನೆ ಕಾಣುತ್ತದೆ. ಅವಳ ಮನೆಯ ಹೊಗೆಗೂಡಿನಿಂದ ಹೊಗೆ ಏಳುತ್ತಿತ್ತು. ದಪ್ಪಗೆ, ನೆಟ್ಟಗೆ. ಮಳೆ ನಿಂತದ್ದು ಆಗಲೇ ಅವಳ ಗಮನಕ್ಕೆ ಬಂದದ್ದು. ಯಾರೋ ಬೆಂಕಿ ತಂದಿದ್ದಾರೆ. ಕೂಸಿನ ಹತ್ತಿರ ಯಾರೋ ಕೂತಿದ್ದಾರೆ. ಅಷ್ಟು ದೂರ ಹೊಟ್ಟೆಗೊತ್ತಿ ತಂದ ಮಡಕೆ ಇನ್ನು ಬೇಕಾಗಿಲ್ಲ, ಓಡಲು ಅಡ್ಡ. ಪಕ್ಕದ ಚಪ್ಪಟೆ ಕಲ್ಲಿನ ಮೇಲೆ ಅದನ್ನು ಇಳಿಸಿದಳು. ಇಳಿಜಾರಿನಲ್ಲಿ ಅವಳು ಓಡಿದ್ದನ್ನು ಜವುಗಿನಲ್ಲಿ ದನ ಕಾಯುತ್ತಿದ್ದ ಮುದುಕನೊಬ್ಬ ಕಂಡನಂತೆ. ನಗುತ್ತಿದ್ದಳು ಎಂದು ಅವನು ಸಾಯುವವರೆಗೂ ಹೇಳುತ್ತಿದ್ದ. ಮಡಕೆಯ ಕೆಂಡ ಯಾರಿಗೂ ಬೇಡವಾಗಿ ಆ ಕಲ್ಲಿನ ಮೇಲೆ ಸಂಜೆಯವರೆಗೂ ಕೆಂಪಗಿತ್ತು ಎನ್ನುತ್ತಾರೆ.

ಮನೆಯೊಳಗೆ ಆ ಇಬ್ಬರು ಏನು ಮಾತಾಡಿದರೆಂದು ಯಾರೂ ಹೇಳುವುದಿಲ್ಲ. ಜ್ಞಾನಸ್ನಾನವಾಗದ ಕೂಸಿಗೆ ಆ ಕಾಲದಲ್ಲಿ ಇಗರ್ಜಿಯ ಮಣ್ಣಿನಲ್ಲಿ ಜಾಗ ಕೊಡುತ್ತಿರಲಿಲ್ಲ. ಮರುದಿನ ಬಂದ ಫರ್ಗಲ್ ನೆತ್ತಿಯ ಕಲ್ಲಿನ ಪಕ್ಕದಲ್ಲಿ ಕುಣಿ ತೋಡಿದ. ಹೆಸರಿಲ್ಲದ್ದರಿಂದ ಹೆಸರು ಕೆತ್ತಲಿಲ್ಲ. ಹೊನೋರಾ ಆ ದಿನದ ಬೆಣ್ಣೆಯನ್ನು ಪೇಟೆಗೆ ಕಳಿಸಲಿಲ್ಲ, ತಿನ್ನಲಿಲ್ಲ, ಜವುಗಿನಲ್ಲಿ ಹೂತಳು. ಆ ಬೇಸಿಗೆಯಿಡೀ ಅವಳ ಪಾತ್ರೆಯಲ್ಲಿ ಬೆಣ್ಣೆ ತಪ್ಪದೆ ಬಂತು. ಮನೆಯ ಬೆಂಕಿಯನ್ನು ತಾನೇ ಹೊರಗೆ ಒಯ್ದರೂ ಬಂತು. ಇದನ್ನು ಊರಿನವರೆಲ್ಲ ಕಂಡರು, ಯಾರೂ ಬಾಯಿಬಿಟ್ಟು ಆಡಲಿಲ್ಲ.

ಮುಂದಿನ ವರ್ಷ ಮೇ ತಿಂಗಳ ಮೊದಲ ದಿನ ಬೆಳಕು ಹರಿಯುವಾಗ ಹೊನೋರಾ ಮಡಕೆಯಲ್ಲಿ ಕೆಂಡ ತುಂಬಿ ನೆತ್ತಿಗೆ ಹೊತ್ತು ಆ ಕಲ್ಲಿನ ಗುಳಿಗೆ ಸುರಿದಿಟ್ಟಳು. ಬೇಕಾದವರು ಒಯ್ಯಲಿ ಎಂದು ಹೊತ್ತು ಮುಳುಗುವವರೆಗೂ ಕಾದಳು. ಯಾರೂ ಬರಲಿಲ್ಲ; ಕಳ್ಳಿ ಎನ್ನಿಸಿಕೊಳ್ಳಲು ಯಾರಿಗೆ ಬೇಕು? ಮರುವರ್ಷವೂ ಇಟ್ಟಳು. ಇಪ್ಪತ್ತಾರು ವರ್ಷ ಇಟ್ಟಳು. ಕಲ್ಲಿನ ಕಪ್ಪು ಹಾಗೆ ಕೂತದ್ದು. ಮೇಲಿನ ಮನೆಯ ಬಾಗಿಲ ಮುಂದೆಯೇ ಅವಳ ದಾರಿ. ಊನಾಳಿಗೆ ಆಮೇಲೆ ನಾಲ್ಕು ಮಕ್ಕಳಾದವು. ನಾಲ್ಕೂ ಹೆರಿಗೆಗೆ ಗುಡ್ಡದಾಚೆಯಿಂದ ಬೇರೆ ಸೂಲಗಿತ್ತಿಯನ್ನು ಕರೆಸಿದರು. ಟರ್ಫ್ ಕಡಿಯುವಾಗ, ಹುಲ್ಲು ಕೊಯ್ಯುವಾಗ ಎರಡು ಮನೆಗಳ ಮುಯ್ಯಾಳು ಮಾತ್ರ ತಪ್ಪಲಿಲ್ಲ. ಕೆಲಸ ಕೆಲಸವೇ. ಪಕ್ಕಪಕ್ಕದಲ್ಲಿ ಬಾಗಿ, ಮಾತಿಲ್ಲದೆ, ಇಬ್ಬರು ಹೆಂಗಸರೂ ಹುಲ್ಲಿನ ಕಟ್ಟು ಕಟ್ಟುತ್ತಿದ್ದರು.

ಇಪ್ಪತ್ತೇಳನೆಯ ವರ್ಷ ಹೊನೋರಾಳ ಕಾಲು ಬಿದ್ದಿತ್ತು. ಅಂದು ಬೆಳಗ್ಗೆ ಮೇಲಿನ ಅರ್ಧ ಬಾಗಿಲು ತೆರೆದು, ಕುರ್ಚಿಯಲ್ಲಿ ಕೂತು, ಗುಡ್ಡ ನೋಡುತ್ತಿದ್ದಳು. ಊನಾ ಬಂದು ಹೊರಗೆ ನಿಂತಳು. ಕೈಯಲ್ಲಿ ಮಡಕೆ.

“ಕೆಂಡ ಬೇಕಿತ್ತು, ಹೊನೋರಾ.”

ಮುದುಕಿ ಅವಳ ಇನ್ನೊಂದು ಕೈಯ ಕಡೆ ಬಗ್ಗಿ ನೋಡಿದಳು. “ಇಕ್ಕಳ ತಂದಿದ್ದೀಯಾ?” ಎಂದಳು.

“ತಂದಿದ್ದೇನೆ.” ಎತ್ತಿ ತೋರಿಸಿದಳು. ಕೆಳಗಿನ ಬಾಗಿಲನ್ನು ತಾನೇ ತೆಗೆದು ಒಳಗೆ ಬಂದು ಒಲೆಯ ಮುಂದೆ ಕೂತಳು. ಬೂದಿ ಸರಿಸುತ್ತ, ತಿರುಗಿ ನೋಡದೆ, “ಆವತ್ತು ಮಲಗಿದೆ ಅಂದೆ. ಮಲಗಿರಲಿಲ್ಲ. ಹೇಳಿದ್ದರೆ ಕೊಡುತ್ತಿದ್ದಿರಿ” ಎಂದಳು.

“ಕೊಡುತ್ತಿದ್ದೆ.” ಆಮೇಲೆ ಹೊನೋರಾ ಅದುವರೆಗೆ ಯಾರಿಗೂ, ಪಾದ್ರಿಗೂ, ಹೇಳದಿದ್ದದ್ದನ್ನು ಹೇಳಿದಳು. “ಇಕ್ಕಳದ ನೆನಪು ನನಗೆ ಕಡೆಯುವಾಗಲೇ ಬಂತು, ಊನಾ. ಬೆಣ್ಣೆ ಬರುವ ತನಕ ನಿಂತೆ.”

ಊನಾಳ ಕೈ ಅಲ್ಲಿಯೇ ನಿಂತಿತು. ಇಕ್ಕಳದ ಬಾಯಲ್ಲಿ ಕೆಂಡ ಮಸುಕಾಗುವಷ್ಟು ಹೊತ್ತು ನಿಂತಿತು ಎನ್ನುತ್ತಾರೆ. ಆಮೇಲೆ ಅದನ್ನು ಒಲೆಯಲ್ಲೇ ಬಿಟ್ಟು, ಇನ್ನೊಂದು ಕೆಂಪು ಕೆಂಡ ಆರಿಸಿ ಮಡಕೆಗೆ ಹಾಕಿಕೊಂಡು ಎದ್ದಳು. ಕ್ಷಮಿಸಿದೆ ಎಂದಳೆಂದು ಯಾರೂ ಹೇಳುವುದಿಲ್ಲ, ಇಲ್ಲವೆಂದಳೆಂದೂ ಹೇಳುವುದಿಲ್ಲ. ನೆತ್ತಿಗೆ ಹೋಗಿ ಮಡಕೆಯನ್ನು ಕಲ್ಲಿನ ಮೇಲೆ ಇಳಿಸಿದಳು. ಹೊನೋರಾ ಆ ವರ್ಷದ ಕೊಯ್ಲಿಗೆ ಮೊದಲೇ ತೀರಿಕೊಂಡಳು. ಅವಳ ಒಲೆಯ ಬೆಂಕಿಯನ್ನು ಊನಾ ತನ್ನ ಒಲೆಗೆ ತಂದು ಕೂಡಿಸಿದಳು, ತಾನಿರುವವರೆಗೂ ವರ್ಷಕ್ಕೊಮ್ಮೆ ಕಲ್ಲಿಗೆ ಕೆಂಡ ಒಯ್ದಳು. ಊನಾಳ ಮಗಳ ಮರಿಮಗ ತಾನು ಎಂದು ಬಾರ್ಟ್ಲಿಯವರು ಕತೆಯ ಕೊನೆಗೆ ಹೇಳಿದರು, ಮೊಳೆಯ ಪೊಟ್ಟಣವನ್ನು ಜೇಬಿಗೆ ಹಾಕಿಕೊಳ್ಳುತ್ತ.

ಈಗ ಆ ಎರಡು ಮನೆಗಳಲ್ಲಿ ಕೆಳಗಿನದು ರಸ್ತೆಯ ಕಲ್ಲಾಗಿ ಹೋಗಿದೆ. ಮೇಲಿನ ಮನೆಯ ಒಂದು ಗೋಡೆಯೂ ಹೊಗೆಗೂಡೂ ಮಾತ್ರ ನಿಂತಿವೆ. ಒಲೆಗಳಿಲ್ಲದ್ದರಿಂದ ಕೆಂಡವೂ ಇಲ್ಲ. ಮೇ ತಿಂಗಳ ಮೊದಲ ದಿನ ಆ ಸೀಮೆಯ ಜನ ಒಬ್ಬೊಬ್ಬರಾಗಿ ಗುಡ್ಡ ಏರಿ ಕಲ್ಲಿನ ಗುಳಿಯಲ್ಲಿ ಒಂದೊಂದು ಬೆಂಕಿಪೊಟ್ಟಣ ಇಟ್ಟು ಇಳಿಯುತ್ತಾರೆ. ಬೇಕಾದವರು ಒಯ್ಯಲಿ ಎಂದು. ಯಾರೂ ಒಯ್ಯುವುದಿಲ್ಲ. ಮಧ್ಯಾಹ್ನದೊಳಗೆ ಮಳೆ ಬರುತ್ತದೆ, ರಟ್ಟು ಉಬ್ಬುತ್ತದೆ, ಕಡ್ಡಿಯ ತುದಿಯ ಮದ್ದು ಕರಗಿ ಗುಳಿಯ ನೀರು ಕೆಂಪಗಾಗುತ್ತದೆ. ನಾನೊಮ್ಮೆ ಒಂದು ಪೊಟ್ಟಣ ತಂದು ಎರಡು ದಿನ ಒಣಗಿಸಿ ಗೀರಿ ನೋಡಿದೆ. ಒಂದೂ ಹತ್ತಲಿಲ್ಲ. ಮುಚ್ಚಳದ ಒಂದು ಡಬ್ಬಿ ಇಡೋಣ, ನಾನೇ ಕೊಡುತ್ತೇನೆ, ಕಡ್ಡಿ ಒಣಗಿರುತ್ತವೆ ಎಂದು ಬಾರ್ಟ್ಲಿಯವರಿಗೆ ಹೇಳಿದೆ. ಅವರು ಬೇಡವೆಂದರು.

“ಬೇಕಾದವಳು ಒಂದೇ ಸಲ ಬಂದಳು” ಎಂದರು. “ಡಬ್ಬಿ ಇಟ್ಟರೆ ಕೊಟ್ಟುಬಿಟ್ಟೆವು ಅನ್ನಿಸುತ್ತದೆ.”

ಪ್ರವಾಸಿಗಳು ಬರುತ್ತಾರೆ, ಒದ್ದೆ ಪೊಟ್ಟಣಗಳ ರಾಶಿಯ ಪಟ ತೆಗೆಯುತ್ತಾರೆ, ಇದೇನೆಂದು ಕೇಳುತ್ತಾರೆ. ಕಲ್ಲಿನ ಪಕ್ಕದ ಸಣ್ಣ ಹುಲ್ಲುದಿಬ್ಬವನ್ನು ಗಮನಿಸುವವರು ಕಡಿಮೆ. ಊರಿನವರು ಮಾತ್ರ ಪೊಟ್ಟಣ ಇಳಿಸಿದ ಮೇಲೆ ಒಂದು ಗಳಿಗೆ ನಿಂತು ಕೆಳಗೆ ಊನಾಳ ಮನೆಯ ಹೊಗೆಗೂಡಿನ ಕಡೆ ನೋಡುತ್ತಾರೆ. ಅಲ್ಲಿ ಹೊಗೆ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಅವಸರವಿಲ್ಲದೆ, ನಿಧಾನಕ್ಕೆ ಇಳಿಯುತ್ತಾರೆ. ಆ ಇಳಿಜಾರಿನಲ್ಲಿ ಯಾರೂ ಓಡುವುದಿಲ್ಲ.